ಕೆರೆಯ ಮುಯ್ಯಿ

ಮಾಗಿಯ ಇಬ್ಬನಿ ಆರುವ ಮೊದಲೇ ರಾಗಿ ಕೊಯ್ಲು ಶುರುವಾಗಿತ್ತು. ಊರಕೆರೆಯನ್ನು ಕೆಡಿಸಿದ ಚರ್ಮದ ಕಾರ್ಖಾನೆಯ ಬೂಟನ್ನು ಯಾವ ದೇಶದವರು ಮೆಟ್ಟಿದ್ದರೋ ಅವರು ಮುಯ್ಯಾಳಾಗಿ ಬಂದು ಕೂಲಿಯಿಲ್ಲದೆ ದುಡಿಯಬೇಕು. ಲೋಕದ ಕಾನೂನೇ ಈಗ ಹಾಗೆ. ಹೊಲದೊಡತಿ ಚೌಡಮ್ಮ "ತೀರಿತು" ಎಂದರೆ ಮಾತ್ರ ಈ ಸುಗ್ಗಿಗೆ ಬಂದಿದ್ದ ಮುದುಕ ಹೆನ್ರಿಕ್ ತನ್ನ ದೇಶಕ್ಕೆ ಮರಳಬಹುದು.

ಕೊನೆಯ ಹೊರೆ ಕಟ್ಟಿ ಅವನು ಎದುರು ನಿಂತು, ಇಲ್ಲೇ ಕಲಿತ ಹಳ್ಳಿಗನ್ನಡದಲ್ಲಿ ಕೇಳಿಕೊಂಡ. "ಅಕ್ಕಾ, ಅಲ್ಲಿ ಹೆಂಡ್ತಿ ಹಾಸಿಗೆ ಹಿಡಿದವ್ಳೆ. ಒಂದ್ ಮಾತು ಹೇಳ್ಬುಡಿ."

ಚೌಡಮ್ಮ ಸೊಂಟ ಹಿಡಿದುಕೊಂಡು ಕೆರೆಯತ್ತ ನೋಡಿದಳು. ಎಮ್ಮೆಯೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ.

"ನಿಂದು ತೀರ್ತು ಕಣಪ್ಪ. ಉಂಡ್ಕಂಡು ಹೊಂಡು."

"ಕೆರೇದು?"

"ಅದು ಒಬ್ಬನ ಕೈಲಿ ತೀರೋದಾ? ಮುಂದಿನ ಸುಗ್ಗಿಗೆ ಇನ್ನೊಬ್ಬ ಬತ್ತಾನೆ, ಬುಡು."

ಟ್ಯಾಂಕರಿನ ನೀರನ್ನು ಚೊಂಬಿನಲ್ಲಿ ತಂದು, ಚೆಲ್ಲದಂತೆ, ಅವನ ಕೈಗೆ ಸಣ್ಣಗೆ ಹುಯ್ದಳು.