ಮೇಲಿನ ಬಳೆ ಹಾಕಿದ್ದು ಯಾರು

ಬಿಸಿ ತೋರಿಸುವ ಮುಳ್ಳು ನೂರೈವತ್ತು ದಾಟಿತು. ಪುಟ್ಟಿಗೆ ಕುಲುಮೆಯ ಮೇಲ್ಭಾಗದಿಂದ ಕಣ್ಣು ಕೀಳಲಾಗಲಿಲ್ಲ. ಅಲ್ಲಿ ನೋಡಲು ಏನೂ ಇರಲಿಲ್ಲ. ದಪ್ಪನೆಯ ಹೊದಿಕೆ ಇಡೀ ಜೋಡಣೆಯನ್ನು ಮುಚ್ಚಿತ್ತು. ಒಳಗಿರುವುದು ಏನೆಂದು ಗೊತ್ತಿದ್ದದ್ದು ತನಗೊಬ್ಬಳಿಗೇ, ಅದೇ ಸಂಕಟ.

ಗಾಳಿಯನ್ನೆಲ್ಲ ಹೀರಿ ತೆಗೆದು, ಬರಿದಾದ ಪಾತ್ರೆಯೊಳಗೆ ಲೋಹ ಬೆಸೆಯುವ ಕುಲುಮೆ ಅದು. ಕೊಳವೆ ಕೂಡುವ ಕಡೆಯೆಲ್ಲ ನಡುವೆ ಒಂದು ಸೀಲು ಕೂರಬೇಕು, ಇಲ್ಲದಿದ್ದರೆ ಹೊರಗಿನ ಗಾಳಿ ನುಸುಳುತ್ತದೆ. ಕಾರ್ಖಾನೆಯವರಿಗೆ ಅದು ಸೀಲಲ್ಲ, ಬಳೆ. ಯಾವ ಜೋಡಣೆಗೆ ಯಾವ ಬಳೆ ಎಂದು ಆರಿಸುವ ಕೆಲಸವನ್ನು ಅತ್ತಿಗೆ ಮೊದಲ ಸಲ ಪುಟ್ಟಿಗೆ ಬಿಟ್ಟಿದ್ದರು. ಪುಟ್ಟಿ ಆರಿಸಿದ್ದೇನೋ ಸರಿಯಾಗಿಯೇ ಆರಿಸಿದಳು. ದಿನಾ ತೆರೆದು ಮುಚ್ಚುವ, ಸುತ್ತ ನೀರು ಹರಿದು ತಣ್ಣಗಿರುವ ಕೆಳಗಿನ ಬಾಗಿಲಿಗೆ ರಬ್ಬರ್. ಮುನ್ನೂರೈವತ್ತು ಡಿಗ್ರಿ ಕಾಯುವ ಮೇಲಿನ ಜೋಡಣೆಗೆ ತಾಮ್ರ. ಇನ್ನೂರು ದಾಟಿದರೆ ರಬ್ಬರಿನ ಕಥೆ ಮುಗಿಯಿತು. ಹೊಗೆಯಾಡಿ ಕುಲುಮೆಯ ಒಳಗನ್ನೆಲ್ಲ ಹಾಳುಮಾಡುತ್ತದೆ.

ಆರಿಸಿದಳು, ಹಾಕಲಿಲ್ಲ. ತಾಮ್ರದ ಬಳೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಸುತ್ತಲಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಸುತ್ತಿನ ಮೇಲೆ ಸುತ್ತು ಹಾಕಬೇಕು, ಉಕ್ಕಿನ ಅಂಚು ತಾಮ್ರದೊಳಗೆ ಕಚ್ಚುವವರೆಗೆ. ಅಷ್ಟರಲ್ಲಿ ಮಣಿಕಟ್ಟು ಬಿದ್ದೇ ಹೋಗುತ್ತದೆ. ನಿನ್ನೆ ಸಂಜೆ ಪುಟ್ಟಿಗೆ ಗೆಳತಿಯರ ಜೊತೆ ಸಿನಿಮಾ ಇತ್ತು. ಅದೇ ಅಳತೆಯ ರಬ್ಬರ್ ಬಳೆಯೂ ಕೈಗೆ ಸಿಕ್ಕಿತು. ಅದಕ್ಕೆ ಅಷ್ಟೊಂದು ಬಿಗಿ ಬೇಕಿಲ್ಲ. ಸದ್ಯಕ್ಕೆ ಇದಿರಲಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬದಲಾಯಿಸಿದರಾಯಿತು ಎಂದುಕೊಂಡಳು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಮಂಚದ ಮೇಲೆ ಬಂದಿತ್ತು. ಅಣ್ಣ ಒಬ್ಬನೇ ಕಾಫಿ ಕುಡಿಯುತ್ತಿದ್ದ. “ನಿಮ್ಮ ಅತ್ತಿಗೆ ಆಗಲೇ ಹೋದ್ಲು. ಇವತ್ತು ಸಾಹೇಬ್ರು ನೋಡೋಕೆ ಬರ್ತಾರಂತೆ.” ಪುಟ್ಟಿ ಎದ್ದೆನೋ ಬಿದ್ದೆನೋ ಎಂದು ಓಡಿ ಬರುವಷ್ಟರಲ್ಲಿ ಹೊದಿಕೆ ಸುತ್ತಿ, ಬಿಸಿ ಹಚ್ಚಿ ಆಗಿತ್ತು. ಹಾಕಬೇಕಿದ್ದ ತಾಮ್ರದ ಬಳೆ ಅವಳ ಜೇಬಿನಲ್ಲೇ ಉಳಿದಿತ್ತು.

ಕುಲುಮೆಯ ಹೊಣೆಯೆಲ್ಲ ಅತ್ತಿಗೆಯದು. ಹೋದ ವರ್ಷ ಒಂದು ಕುಲುಮೆ ಕೆಟ್ಟಾಗ, ಇನ್ನೊಂದು ಕೆಟ್ಟರೆ ನೀವು ಮನೆಯಲ್ಲೇ ಇರಬಹುದು ಎಂದು ಸಾಹೇಬರು ಎಲ್ಲರೆದುರೇ ಹೇಳಿದ್ದರು. ಅದೇ ಸಾಹೇಬರನ್ನು ಕಾಡಿ ಬೇಡಿ ಪುಟ್ಟಿಯನ್ನು ಕೆಲಸಕ್ಕೆ ಸೇರಿಸಿದವರೂ ಅತ್ತಿಗೆಯೇ.

“ಯಾಕೆ ಪುಟ್ಟಿ, ಮುಖ ಬಾಡಿದೆ? ಸಿನಿಮಾದಲ್ಲಿ ಯಾರಾದ್ರೂ ಸತ್ತುಹೋದ್ರಾ?” ಅತ್ತಿಗೆ ಎಡಗೈಯಲ್ಲಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

“ಅತ್ತಿಗೆ, ಆ ಮೇಲಿನ ಜೋಡಣೆ...”

“ಅದರ ಚಿಂತೆ ಬಿಡು.”

ತನ್ನ ಮೇಲೆ ಇಷ್ಟೊಂದು ನಂಬಿಕೆಯೇ ಎಂದುಕೊಂಡಳು ಪುಟ್ಟಿ. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆಯ ಫೋನ್ ರಿಂಗಾಯಿತು. ಅವರು ಎದ್ದು ಹೊರಗೆ ಹೋದರು. ಆ ಬಾಗಿಲಿನಿಂದಲೇ ಸಾಹೇಬರು ಒಳಗೆ ಬಂದರು.

ಸಾಹೇಬರು ಮೊಸರಲ್ಲಿ ಕಲ್ಲು ಹುಡುಕುವವರು. ಒಳಗಿನ ಗಾಳಿ ಅಳೆಯುವ ಮೀಟರಿನಲ್ಲಿ ಅಂಕಿ ತುಸು ಏರಿದ್ದು ಅವರ ಕಣ್ಣಿಗೆ ಬಿತ್ತು. ಕುಲುಮೆ ಕಾಯುವಾಗ ಗೋಡೆಗೆ ಅಂಟಿದ ತೇವ ಬಿಟ್ಟುಕೊಂಡು ಅಂಕಿ ಏರುವುದು ಮಾಮೂಲು. ಪುಟ್ಟಿಗೆ ಮಾತ್ರ ಅದು ರಬ್ಬರಿನ ಹೊಗೆಯಾಗಿಯೇ ಕಂಡಿತು.

“ಯಾಕೆ ಏರ್ತಿದೆ ಇದು? ಮೇಲಿನ ಬಳೆ ಹಾಕಿದ್ದು ಯಾರು?”

ನಾನು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಕೆಲಸ ಹೋಗುತ್ತಿತ್ತು, ಅಷ್ಟೇ.

“ಅತ್ತಿಗೆ,” ಎಂದಳು ಪುಟ್ಟಿ. ಕುಲುಮೆಯಾದರೂ ಉಳಿಯಲಿ ಎಂದು ಮೆಲ್ಲಗೆ ಸೇರಿಸಿದಳು, “ಅದು ರಬ್ಬರ್ ಇರಬೇಕು ಸಾರ್. ಬಿಸಿ ನಿಲ್ಲಿಸಿದ್ರೆ ಒಳ್ಳೇದು.”

ಹೇಳಿದ ಮೇಲೆ ತನ್ನನ್ನು ಕಂಡರೆ ತನಗೇ ಹೇಸಿಗೆಯಾಯಿತು. ಕುಲುಮೆ ಉಳಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಮನಸ್ಸು ಒಪ್ಪಲಿಲ್ಲ.

ಸಾಹೇಬರು ಬಿಸಿ ಆರಿಸಿದರು. ಫೋನ್ ಮುಗಿಸಿ ಬಂದ ಅತ್ತಿಗೆಗೆ, ಮೇಲಿನ ಜೋಡಣೆ ಬಿಚ್ಚಿ ನೋಡಬೇಕು ಎಂದಷ್ಟೇ ಹೇಳಿದರು.

“ಬಿಚ್ಚಿದ್ರೆ ಬಳೆ ದಂಡ ಆಗುತ್ತೆ ಸಾರ್,” ಎಂದರು ಅತ್ತಿಗೆ.

ಒಮ್ಮೆ ಕಚ್ಚಿಸಿಕೊಂಡ ತಾಮ್ರ ಮತ್ತೆ ಕೆಲಸಕ್ಕೆ ಬಾರದು, ನಿಜ. ಪಾಪ, ಒಳಗೆ ತಾಮ್ರವೇ ಇದೆ ಎಂದುಕೊಂಡಿದ್ದಾರೆ ಎಂದು ಪುಟ್ಟಿಗೆ ಅನಿಸಿತು. ಮಧ್ಯಾಹ್ನ ಅತ್ತಿಗೆ ತಮ್ಮ ಡಬ್ಬಿಯಲ್ಲಿದ್ದುದರಲ್ಲಿ ಅರ್ಧ ಅವಳ ಮುಂದೆ ಇಟ್ಟರು. ಒಂದು ತುತ್ತೂ ಇಳಿಯಲಿಲ್ಲ. ಈಗಲಾದರೂ ಹೇಳು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಅತ್ತಿಗೆ ನೀರು ಬೇಕಾ ಎಂದರೆ ಬೇಡ ಎಂದು ತಲೆಯಾಡಿಸಿದಳು.

ಕುಲುಮೆ ತಣಿಯುವಷ್ಟರಲ್ಲಿ ಸಂಜೆಯಾಯಿತು. ಎಲ್ಲರೂ ಸುತ್ತ ನೆರೆದರು. ಹೊದಿಕೆ ಬಿಚ್ಚಿದರು, ಬೋಲ್ಟುಗಳು ಒಂದೊಂದಾಗಿ ಹೊರಬಂದವು. ಪುಟ್ಟಿ ಕಣ್ಣು ಮುಚ್ಚಿಕೊಂಡಳು. ಕೊನೆಯ ಬೋಲ್ಟು ತಟ್ಟೆಗೆ ಬಿದ್ದ ಸದ್ದಿಗೆ ಮತ್ತೆ ತೆರೆದಳು. ಸಾಹೇಬರ ಕೈಯಲ್ಲಿ ತಾಮ್ರದ ಬಳೆ ಇತ್ತು. ಸುತ್ತಲೂ ಒಂದೇ ಸಮನಾಗಿ ಕಚ್ಚಿದ ಗುರುತು.

“ಇಷ್ಟು ಚೆನ್ನಾಗಿ ಕೂತಿದ್ದನ್ನ ಬಿಚ್ಚಿಸಿಬಿಟ್ಟೆ,” ಎಂದರು ಸಾಹೇಬರು. “ನೀವಿಲ್ಲಿ ರಬ್ಬರ್ ಹಾಕಿದ್ದೀರಿ ಅಂತ ನಿಮ್ಮ ನಾದಿನಿ ಹೇಳಿದ್ಲು. ಹಾಕಿದ್ದು ನೀವೇನಾ?”

ಅತ್ತಿಗೆ ಪುಟ್ಟಿಯನ್ನು ಒಮ್ಮೆ ನೋಡಿದರು. ಕೋಪವೇನೂ ಇರಲಿಲ್ಲ.

“ನಾನೇ ಸಾರ್. ಬೆಳಿಗ್ಗೆ ಬೇಗ ಬಂದು, ಒಳಗಿದ್ದ ರಬ್ಬರ್ ತೆಗೆದು, ಸ್ಟೋರಿನಿಂದ ಇದನ್ನ ತಂದು ಹಾಕ್ದೆ. ಯಾರಿಗೂ ಹೇಳಿರಲಿಲ್ಲ. ಪುಟ್ಟಿಗೂ.”