ಅಂಜಿಕೆಯ ಗಂಟು

ಇಲಿಯ ಮಿದುಳಿನಲ್ಲಿ ಅಮಿಗ್ಡಲ ಎಂಬ ಪುಟ್ಟ ಗಂಟೊಂದಿದೆ. ಅಂಜಿಕೆ ಹುಟ್ಟುವುದು ಅಲ್ಲೇ. ಆ ಗಂಟಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಚಿತ್ರ ಬರೆಯುವುದರಲ್ಲೇ ಸಂಶೋಧನಾ ವಿದ್ಯಾರ್ಥಿನಿ ಮೇದಿನಿಗೆ ಕನ್ನಡಕ ಬಂದಿತ್ತು. ಒಂದು ಇಲಿಯಲ್ಲಂತೂ ಆ ಕೋಶಗಳನ್ನೇ ತೆಗೆದುಹಾಕಿದ್ದಳು. ಪಂಜರ ತೊಳೆಯುವ ಗಡಿಬಿಡಿಯಲ್ಲಿ ಅದು ಇನ್ನೊಂದು ಬಿಳಿ ಇಲಿಯೊಂದಿಗೆ ಅದಲುಬದಲಾಯಿತು. ಗಾಯ ಮಾಯ್ದು ಕೂದಲು ಬೆಳೆದಿತ್ತು; ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಅದು ತಿಳಿಯದಿದ್ದರೆ ಅವಳ ಪಿಎಚ್‌ಡಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

"ಇಷ್ಟಕ್ಕ ಯಾಕ ಅಳ್ತೀರಿ ಅಕ್ಕಾರ?" ಎಂದಳು ಚಹಾ ತಂದ ಕ್ಯಾಂಟೀನಿನ ಕಾಶವ್ವ. "ಗಂಟು ತಗದ ಇಲಿ ಬೆಕ್ಕಿಗೂ ಅಂಜೂದಿಲ್ಲ ಅಂದಿದ್ರಿ. ನಮ್ಮ ಹುಲಿಯಪ್ಪನ್ನ ತರತೀನಿ. ಅಂವ ಅಂದ್ರ ಇಡೀ ಓಣಿ ಇಲಿ ಗಡಗಡ ನಡಗತಾವ."

ಹುಲಿಯಪ್ಪ ಅವಳ ಬೆಕ್ಕು. ಹಾಲಿನ ಕೆನೆ ತಿಂದು ತಿಂದು ದಿಂಬಿನಂತಾಗಿದ್ದ ಅವನನ್ನು ಕಾಶವ್ವ ಪಂಜರಗಳ ಮುಂದೆ ಇಳಿಸಿದಳು.

ಒಂದು ಇಲಿ ಹುಲ್ಲಿನಡಿ ಅವಿತುಕೊಂಡಿತು. ಇನ್ನೊಂದು ಸರಸರನೆ ಮುಂದೆ ಬಂದು, ಸರಳುಗಳ ಸಂದಿಯಿಂದ ಮೂತಿ ಚಾಚಿ ಹುಲಿಯಪ್ಪನ ಮೀಸೆಯನ್ನೇ ಮೂಸಿತು.

"ಇದ! ಇದ ನಂದು!" ಮೇದಿನಿ ಕುಣಿದಾಡಿದಳು. "ಕಾಶವ್ವಾ, ನಿನಗ ಏನು ಕೊಟ್ರೂ ಕಡಿಮೀನ. ಏನು ಬೇಕು, ಕೇಳು!"

ಕಾಶವ್ವನ ಹೆಗಲೇರಿದ್ದ ಹುಲಿಯಪ್ಪ ಸೆರಗಿನೊಳಗೆ ಮುಖ ಹುದುಗಿಸಿ ಗಡಗಡ ನಡುಗುತ್ತಿದ್ದ. ಅವನ ಬೆನ್ನು ಸವರುತ್ತ ಅವಳು ಮೆಲ್ಲಗೆ ಕೇಳಿದಳು:

"ಆ ಗಂಟು, ಇವಂದೂ ಒಂದೀಟು ತಗದು ಕೊಡ್ರಿ ಅಕ್ಕಾರ."