ಸೊಸೆ ಓದದ ಕಥೆಗಳು

ಮೊಬೈಲಿಗೆ ಬಂದ ಎರಡು ಸಾಲು ಓದಿ ವೀರಭದ್ರಪ್ಪನವರು ಕೂತಲ್ಲೇ ಅರ್ಧ ಅಡಿ ಕುಗ್ಗಿದರು. ಪಟ್ಟಿ ಹಿಡಿದು ಅಳೆದವರಿಲ್ಲ, ಆದರೂ ಅರ್ಧ ಅಡಿಗೆ ಒಂದು ಕೂದಲೆಳೆಯೂ ಕಮ್ಮಿಯಿಲ್ಲ.

'ಪ್ರಿಯ ಲೇಖಕರೇ, ಅಕ್ಷರಬುಟ್ಟಿಯ ಕಥೆಗಳನ್ನು ಬರುವ ಒಂದನೇ ತಾರೀಖಿನಿಂದ ಓದುವುದಷ್ಟೇ ಅಲ್ಲ, ಕೇಳಲೂಬಹುದು.'

ಬೇರೆ ಲೇಖಕನಾದರೆ ಹೈದರಾಬಾದಿನ ತಾರ್ನಾಕದ ಬೀದಿಗೆಲ್ಲ ಪೇಡೆ ಹಂಚುತ್ತಿದ್ದ. ವೀರಭದ್ರಪ್ಪನವರು ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಸೊಸೆ ಪೂರ್ವಿ ರೊಟ್ಟಿ ಬಡಿಯುತ್ತಿದ್ದಳು.

ನಾಚಾರಂನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಈ ಮಹಾಪುರುಷರು, ಅಂತರ್ಜಾಲದ ಆ ಪುಕ್ಕಟೆ ತಾಣದಲ್ಲಿ ಮೂರೇ ವರ್ಷಕ್ಕೆ ನಲವತ್ತೊಂದು ಕಥೆ ಸುರಿದಿದ್ದರು. ಕೀರ್ತಿ ಗೋಲ್ಕೊಂಡದಿಂದ ಕಲಬುರಗಿಯವರೆಗೆ ಹಬ್ಬಿ, ಬೀದರಿನಲ್ಲಿ ಚಹಾ ಕುಡಿದು ವಾಪಸಾಗಿತ್ತು. ಕಣ್ಣಿಗೆ ಕಂಡ ಅಭಿಮಾನಿ ಮಾತ್ರ ಒಬ್ಬರೇ. ಹೆಸರಿಲ್ಲ, ಫೋಟೋ ಇಲ್ಲ. ಪ್ರತಿ ಕಥೆಗೂ ತಪ್ಪದೆ ಐದು ನಕ್ಷತ್ರ, ಒಂದಕ್ಷರದ ಮೆಚ್ಚುಗೆಯಿಲ್ಲ. ಐದು ಒತ್ತುವವರಿಗೆ ಎರಡು ಸಾಲು ಬರೆಯಲು ಏನು ಧಾಡಿ ಎಂದು ವೀರಭದ್ರಪ್ಪನವರು ಗೊಣಗುತ್ತಿದ್ದರು.

ನಲವತ್ತೊಂದು ಕಥೆಗೂ ಖಳನಾಯಕಿ ಒಬ್ಬಳೇ, ಸೊಸೆ. ಹೆಸರು ಬದಲಿಸಿದ್ದರು. ಉಳಿದದ್ದೆಲ್ಲ ಮನೆಯದೇ. ಅವಳ ಸಾರಿನಲ್ಲಿ ಬೇಳೆ ಹುಡುಕಲು ಹುಸೇನ್ ಸಾಗರದಿಂದ ದೋಣಿ ತರಿಸಬೇಕಿತ್ತು. ಅವಳ ಚಪ್ಪಲಿಯ ಸದ್ದಿಗೆ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಮತ್ತೆ ವಿಮಾನ ಇಳಿಯಿತೆಂದು ಜನ ಓಡುತ್ತಿದ್ದರು. ಮೂವತ್ತೊಂಬತ್ತನೆಯ ಕಥೆಯಲ್ಲಿ ಅವಳ ಮಡಿಲು ಇನ್ನೂ ತುಂಬದ ಮಾತನ್ನೂ ಎತ್ತಿದ್ದರು. ಅದೊಂದನ್ನು ದೊಡ್ಡದು ಮಾಡಿ ಹೇಳುವ ಧೈರ್ಯ ನನಗೂ ಇಲ್ಲ. ಅದಕ್ಕೂ ಐದು ನಕ್ಷತ್ರ ಬಂದವು, ಎರಡು ದಿನ ತಡವಾಗಿ.

ಇಷ್ಟೆಲ್ಲ ಬರೆದೂ ನೆಮ್ಮದಿಯಾಗಿ ಉಣ್ಣಲು ಒಂದು ಕಾರಣವಿತ್ತು. ಪೂರ್ವಿ ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ, ಕಲಿತದ್ದು ಹಿಂದಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಮಾತು, ಬೀದಿಯಲ್ಲಿ ತೆಲುಗು ಮಾತು. ಎರಡರ ಅಕ್ಷರವೂ ಅವಳ ಕಣ್ಣಿಗೆ ಜಿಲೇಬಿ. ಮಗ ಸುಮಂತನದೂ ಅದೇ ಕಥೆ. ಹೆಂಡತಿ ವಿಶಾಲಾಕ್ಷಿಗೆ ಓದಲು ಬರುತ್ತಿತ್ತು. ಆದರೆ ಗಂಡ ಬರೆದದ್ದನ್ನು ಓದುವುದಿಲ್ಲವೆಂಬ ವ್ರತ ಹಿಡಿದಿದ್ದರು. ಮೊದಲ ಕಥೆ ಬಂದ ದಿನ ಪೇಡೆ ತಂದು ಮಹಡಿ ಮಹಡಿಗೂ ಹಂಚಿದವಳು ಪೂರ್ವಿಯೇ. ಏನು ಬರೆದಿದ್ದೀರೆಂದು ಕೇಳಿದಾಗ ಮಾವ ನೀತಿಕಥೆ ಎಂದಿದ್ದರು.

ಈಗ ಆ ನೀತಿಕಥೆಗೆ ಬಾಯಿ ಬರಲಿತ್ತು. ಕಣ್ಣಿಗೆ ಜಿಲೇಬಿಯಾದದ್ದು ಕಿವಿಗೆ ಅಪ್ಪಟ ಕನ್ನಡ.

ಅಳಿಸಲು ಹೋದರೆ ತಾಣ ಬಿಡಲೊಲ್ಲದು. ಹದಿನಾಲ್ಕನೆಯ ಷರತ್ತು ನೋಡಿ ಎಂದಿತು. ಷರತ್ತುಗಳು ಕೋರ್ಟಿನ ಇಂಗ್ಲಿಷಿನಲ್ಲಿ ಹದಿನೇಳು ಪುಟ. ಅಂಥ ಇಂಗ್ಲಿಷು ಅರಗಿಸಿಕೊಳ್ಳುವವರು ಮನೆಯಲ್ಲಿ ಒಬ್ಬರೇ. ಬೇಗಂಪೇಟೆಯ ಕಂಪನಿಯಲ್ಲಿ ಕರಾರುಪತ್ರ ತಿದ್ದುವುದೇ ಆಕೆಯ ಕೆಲಸ.

ಪೂರ್ವಿ ಕೈ ಒರೆಸಿಕೊಂಡು ಬರಿಗಾಲಲ್ಲಿ ಬಂದಳು. ನಿಂತೇ ಓದಿದಳು.

"ಕಥಿ ನಿಮ್ಮವ ರಿ ಮಾವಾರ. ಒಡೆತನ ಎಲ್ಲೂ ಹೋಗಿಲ್ಲ. ಆದ್ರ ಸೇರೂ ಮುಂದ ಚೌಕದಾಗ ಟಿಕ್ ಹಾಕಿ ಅವರಿಗೆ ಪರವಾನಗಿ ಕೊಟ್ಟೀರಿ. ಪುಕ್ಕಟೆ, ಕಾಯಂ. ಓದಿಸ್ತಾರ, ನಾಟಕ ಆಡಿಸ್ತಾರ. ನಿಮ್ಮನ್ನ ಕೇಳಂಗಿಲ್ಲ."

"ವಾಪಸ್ ತಗೊಳ್ಳಾಕ ಬರಂಗಿಲ್ಲೇನವ್ವಾ?"

"ಬರಿಯೋದು ನಿಮ್ಮ ಕೈಯಾಗಿತ್ತು. ವಾಪಸ್ ತಗೊಳ್ಳೋದು ಇಲ್ರಿ."

ಆದರೂ ವಿನಂತಿ ಮಾಡಿ ನೋಡೋಣವೆಂದು ಅವಳೇ ಅರ್ಜಿ ತೆರೆದಳು. ಯಾಕೆ ತೆಗೆಯಬೇಕು ಎಂಬ ಕಡೆ ಬೆರಳು ನಿಂತಿತು. ಕಥೆ ಹಳೆಯವಾದವು ಎಂದರು ಮಾವ. ಅವಳು ಒತ್ತಲಿಲ್ಲ, ಕಾದಳು. ವೀರಭದ್ರಪ್ಪನವರು ಫ್ಯಾನಿನ ರೆಕ್ಕೆಗಳನ್ನು ಮೂರು ಸಲ ಎಣಿಸಿದರು.

"ಒಬ್ಬರ ಮನಸ್ಸಿಗೆ ಭಾಳ ನೋವಾಗತೈತಿ ಅಂತ ಹಾಕು."

"ಒಬ್ಬರೇನ್ರಿ?"

"ಒಬ್ಬರ."

ಯಾರೆಂದು ಅವಳು ಕೇಳಲಿಲ್ಲ. ಅರ್ಜಿ ಹೋಯಿತು.

ಆಮೇಲಿನ ನಾಲ್ಕು ದಿನ ವೀರಭದ್ರಪ್ಪನವರು ಮನೆಯಲ್ಲಿ ಕಳ್ಳನಂತೆ ಓಡಾಡಿದರು. ರೊಟ್ಟಿಯನ್ನು ಹೊಗಳಿದರು, ಉಪ್ಪನ್ನು ಹೊಗಳಿದರು, ನೀರನ್ನೂ ಹೊಗಳಿದರು. ಸಾರಂತೂ ಯಾವಾಗಲೋ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ಬಡಿಸುವ ಕೈ ಹತ್ತಿರ ಬಂದಾಗಲೆಲ್ಲ ತಲೆ ತಟ್ಟೆಯೊಳಗೆ ಇಳಿಯುತ್ತಿತ್ತು. ಈ ಕೈಯ ಬಗ್ಗೆಯೇ ಹಾಗೆ ಬರೆದೆನಲ್ಲ ಎಂದು ನಾಚಿ, ಬೇಡದ ರೊಟ್ಟಿಯನ್ನೂ ಹಾಕಿಸಿಕೊಳ್ಳುತ್ತಿದ್ದರು. ಇವಳ ಕಿವಿಗೆ ಬೀಳದೆ ಎಲ್ಲ ಅಳಿದುಹೋದರೆ ಸಾಕು, ಇನ್ನು ಮುಂದೆ ಲೇಖನಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿದರು.

ಮೂವತ್ತನೇ ತಾರೀಖು, ಆಫೀಸಿಗೆ ಹೊರಟ ಪೂರ್ವಿ ಮೇಜಿನ ಮೇಲೆ ಗುಂಯ್‌ಗುಟ್ಟಿದ ಮಾವನ ಮೊಬೈಲನ್ನು ತಂದುಕೊಟ್ಟಳು. ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿಗಳಿದ್ದವು. ಮೆಟ್ಟಿಲು ಇಳಿದ ಮೇಲೆಯೇ ಹಾಕಿಕೊಳ್ಳುವುದು ಈಚಿನ ವರ್ಷಗಳಲ್ಲಿ ಅವಳ ಪದ್ಧತಿ.

"ಉತ್ತರ ಬಂದೈತ್ರಿ. ಕನ್ನಡದಾಗ ಐತಿ, ನನಗ ಓದಾಕ ಬರಂಗಿಲ್ಲಲ್ಲ. ನೀವ ಓದ್ರಿ."

ಕೊಟ್ಟು ಹೋಗಲಿಲ್ಲ, ಬಾಗಿಲಲ್ಲೇ ನಿಂತಳು. ವೀರಭದ್ರಪ್ಪನವರು ಕನ್ನಡಕ ಏರಿಸಿ ಓದಿದರು.

'ಮಾನ್ಯರೇ, ತಮ್ಮ ಕೋರಿಕೆಯಂತೆ ಕಥೆಗಳನ್ನು ತೆಗೆಯುತ್ತಿದ್ದೇವೆ. ನಮಗೆ ಬೇಸರವಿದೆ, ಏಕೆಂದರೆ ನಮ್ಮ ಧ್ವನಿ ಪ್ರಯೋಗ ಮೂರು ವರ್ಷದ ಹಿಂದೆ ಆರಂಭವಾದದ್ದೇ ತಮ್ಮ ಮೊದಲ ಕಥೆಯಿಂದ. "ನನಗೆ ಕನ್ನಡ ಓದಲು ಬಾರದು, ನಮ್ಮ ಮಾವನವರು ಬರೆಯುತ್ತಾರೆ, ಕೇಳುವ ಆಸೆ" ಎಂದು ಒಬ್ಬರು ಬೇಡಿಕೊಂಡಿದ್ದರಿಂದ ಪ್ರತಿ ಕಥೆಯನ್ನೂ ಅವರಿಗಾಗಿ ಓದಿಸಿ ಕಳಿಸುತ್ತಿದ್ದೆವು, ನಲವತ್ತೊಂದನ್ನೂ ಕೊನೆಯವರೆಗೆ ಕೇಳಿ ಐದೈದು ನಕ್ಷತ್ರ ಕೊಟ್ಟವರು ಅವರೊಬ್ಬರೇ.'